ನಿಂತ ಗಾಡಿಯ ಕಾವಲು

ಸೆಪ್ಟೆಂಬರ್ 3, ಬುಧವಾರ

ಮತ್ತೆ ಗೀರು. ಈ ಸಲ ಎಡಗಡೆಯ ಹಿಂದಿನ ಬಾಗಿಲಿನಿಂದ ಚಕ್ರದ ತನಕ, ಬಣ್ಣ ಕಿತ್ತು ತಗಡು ಕಾಣುವ ಹಾಗೆ.

ಖಾನಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದವಳಿಗೆ ಮನೆ ಮುಟ್ಟಿದ ಕೂಡಲೇ ಒಂದು ಕಪ್ ಚಹಾ ಬೇಕಾಗಿತ್ತು. ಸಿಕ್ಕಿದ್ದು ಓಣಿಯ ನಡುವೆ ಜಗಳ. ಅಪ್ಪ ಧೋತರದ ಚುಂಗು ಕೈಯಲ್ಲಿ ಹಿಡಿದು ಬಾಜು ಮನೆಯ ಬಸಯ್ಯನ ಮುಂದೆ ನಿಂತಿದ್ದ. ಬಸಯ್ಯ ವಡಗಾವಿಯ ಮಗ್ಗದ ಮನೆಗಳಿಂದ ಸೀರೆಯ ಗಂಟು ಸಾಗಿಸುವವನು. ಅವನ ಗೂಡ್ಸ್ ಆಟೋ ನಮ್ಮ ಕಾರಿನ ಹಿಂದೆಯೇ ನಿಲ್ಲುತ್ತದೆ.

"ನಿಂತ ಗಾಡಿಗಿ ಹೊಡದೀಯಲ್ಲೋ, ಕಣ್ಣ ಅದಾವಿಲ್ಲೋ ನಿನಗ?"

"ನಮ್ಮ ಗಾಡಿ ಹತ್ತಿಲ್ಲರಿ ಕಾಕಾ," ಎಂದ ಬಸಯ್ಯ. ಅಷ್ಟು ಹೇಳಿ ತಲೆ ತಗ್ಗಿಸಿದ. ತಪ್ಪು ಮಾಡದವನು ಯಾಕೆ ತಲೆ ತಗ್ಗಿಸಬೇಕು? ನಾನೂ ಸುಮ್ಮನಿರಲಿಲ್ಲ. ಇದು ಮೂರನೆಯ ಸಲ, ಇನ್ನೊಮ್ಮೆ ಆದರೆ ಪೊಲೀಸರ ಹತ್ತಿರ ಹೋಗುತ್ತೇನೆ ಎಂದು ಕೂಗಾಡಿದೆ. ಅವನ ಹೆಂಡತಿ ಫಕೀರವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಅಪ್ಪ ಬೆಳಗಾವಿಯ ಕಾಯಿಪಲ್ಲೆಯನ್ನು ಚೋರ್ಲಾ ಘಾಟ್ ಇಳಿಸಿ ಗೋವಾ ಮುಟ್ಟಿಸಿದ ಮನುಷ್ಯ. ಅರ್ಧ ಆಯುಷ್ಯ ಅದನ್ನೇ ಮಾಡಿದ. ಕಣಕುಂಬಿಯ ಮಂಜಿನಲ್ಲಿ ತನ್ನ ಬಾನೆಟ್ಟೇ ತನಗೆ ಕಾಣದಾಗಲೂ ಪಿಕಪ್ಪಿಗೆ ಒಂದು ಗೀರು ಮಾಡಿಕೊಂಡವನಲ್ಲ. ಬಾಳಾಸಾಹೇಬರ, ಅಂದರೆ ಅಪ್ಪನ, ಗಾಡಿ ಎಂದರೆ ಮಾರ್ಕೆಟ್ಟಿನಲ್ಲಿ ಕಣ್ಣು ಮುಚ್ಚಿ ಮಾಲು ಹೇರುತ್ತಿದ್ದರು. ಅಂಥವನ ಕಾರಿಗೆ ಯಾರೋ ಬಂದು ಗೀರಿ ಹೋಗುವುದೆಂದರೆ ನನಗೂ ಮೈ ಉರಿಯುತ್ತದೆ.

ಸೆಪ್ಟೆಂಬರ್ 7, ಭಾನುವಾರ

ನನ್ನ ಗಂಡ ವಿನಯ ಕಲಬುರ್ಗಿಯಿಂದಲೇ ಡ್ಯಾಶ್ ಕ್ಯಾಮೆರಾ ತರಿಸಿ ಕಳಿಸಿದ್ದಾರೆ. ಓಡುವಾಗ ರಸ್ತೆ ತೋರಿಸುತ್ತದೆ, ನಿಂತಾಗ ಕಾವಲು ಕಾಯುತ್ತದೆ. ಅದಕ್ಕೆ ಪಾರ್ಕಿಂಗ್ ಮೋಡ್ ಅನ್ನುತ್ತಾರೆ. ಅವರಿಗೆ ಅಲ್ಲಿಗೆ ವರ್ಗವಾದ ಮೇಲೆ ನಾನೂ ಮಗಳು ಸಾಕ್ಷಿಯೂ ಅಪ್ಪನ ಮನೆಯಲ್ಲಿದ್ದೇವೆ. ನನ್ನ ಲ್ಯಾಬಿನ ಕೆಲಸ ಖಾನಾಪುರದಲ್ಲಿ, ಬರುವುದು ಸಂಜೆ. ಸಾಕ್ಷಿಯನ್ನು ಸ್ಕೇಟಿಂಗ್ ಕ್ಲಾಸಿಗೆ ದಿನವೂ ಕಾರಿನಲ್ಲಿ ಬಿಟ್ಟು ಕರೆತರುವುದು ಅಪ್ಪ. ಅಪ್ಪನಿಲ್ಲದಿದ್ದರೆ ಈ ಮನೆಯ ಗಡಿಯಾರ ನಡೆಯುವುದಿಲ್ಲ.

ಪೆಟ್ಟಿಗೆ ನೋಡಿ ಅಪ್ಪನ ಹುಬ್ಬು ಏರಿತು. "ನನ್ನ ಮ್ಯಾಲ ಪಾರಾ ಇಡಾಕೇನ?"

"ನಿನ್ನ ಮ್ಯಾಲ ಅಲ್ಲಪಾ, ಬಸಯ್ಯನ ಮ್ಯಾಲ."

"ಹಂಗಾರ ಹಚ್ಚು. ಸಿಗಲಿ ಮಗ."

ಆಮೇಲೆ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ್ದೂ ಅವನೇ.

ಸೆಪ್ಟೆಂಬರ್ 9, ಮಂಗಳವಾರ

ಕಾರನ್ನು ನಾನೇ ಖಾನಾಪುರಕ್ಕೆ ಒಯ್ದೆ. ವರ್ಷಕ್ಕೆ ನಾಲ್ಕು ಸಲ ಸ್ಟೀಯರಿಂಗ್ ಹಿಡಿಯುವವಳು. ದೇಸೂರು ದಾಟುವ ತನಕ ಹಿಂದಿನ ಲಾರಿಗಳೆಲ್ಲ ಹಾರ್ನಿನಲ್ಲಿ ನನ್ನನ್ನು ಬೈದವು. ಲೈಸೆನ್ಸ್ ಇದೆ, ಧೈರ್ಯ ಇಲ್ಲ.

ಬಸ್ ನಿಲ್ದಾಣದ ಬಾಜು ಸುಜಯನ ಅಂಗಡಿ. ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ. ಒಂದು ಕಿವಿಯಲ್ಲಿ ಫೋನು ಹಿಡಿದು ಯಾರೊಂದಿಗೋ ಮರಾಠಿಯಲ್ಲಿ, ಎದುರಿಗೆ ನನ್ನೊಂದಿಗೆ ಕನ್ನಡದಲ್ಲಿ ಮಾತಾಡುತ್ತಲೇ ವೈರು ಬಿಚ್ಚಿದ.

"ಕ್ಯಾಮೆರಾ ಎಚ್ಚರ ಇರಬೇಕಂದ್ರ ಅದಕ್ಕ ಊಟ ಬೇಕರಿ ಮ್ಯಾಡಮ್. ಗಾಡಿ ಬಂದ್ ಇದ್ದಾಗ ಊಟ ಬ್ಯಾಟರಿಯಿಂದ. ಹೊಟ್ಟಿ ತುಂಬ ತಿಂತು ಅಂದ್ರ ಮುಂಜಾನೆ ಗಾಡಿ ಏಳೂದಿಲ್ಲ."

ಮೂರು ವೈರು. ಹಳದಿಯದು ಸದಾ ಕರೆಂಟು ಇರುವ ಫ್ಯೂಜಿಗೆ, ಕೆಂಪು ಕೀಲಿ ತಿರುವಿದಾಗ ಮಾತ್ರ ಜೀವ ಬರುವ ಫ್ಯೂಜಿಗೆ, ಕಪ್ಪು ಗಾಡಿಯ ಲೋಹಕ್ಕೆ. ನಡುವೆ ಒಂದು ಚಿಕ್ಕ ಡಬ್ಬಿ. ಬ್ಯಾಟರಿ ಇಷ್ಟಕ್ಕಿಂತ ಕೆಳಗಿಳಿದರೆ ಕ್ಯಾಮೆರಾ ಬಂದ್ ಎಂದು ಅದರಲ್ಲೊಂದು ಗುಂಡಿ. ಸಿಗರೇಟ್ ಸಾಕೆಟ್ಟಿಗೆ ಚುಚ್ಚಿಡುವ ಪುಟ್ಟ ವೋಲ್ಟ್ ಮೀಟರನ್ನೂ ಕೊಂಡೆ. ಮನೆಗೆ ಬಂದು ಇಂಜಿನ್ ಬಂದ್ ಮಾಡಿದ ಮೇಲೆ ಅದು 12.6 ತೋರಿಸಿತು. ದಿನವೂ ಜನರ ರಕ್ತದ ಅಂಕಿ ಓದುವವಳು ನಾನು. ಎದುರಿಗೊಂದು ಅಂಕಿ ಇದ್ದರೆ ನನಗೆ ಸಮಾಧಾನ.

ಸೆಪ್ಟೆಂಬರ್ 10, ಬುಧವಾರ

ಕಾರು ಏಳಲಿಲ್ಲ. ಕೀಲಿ ತಿರುವಿದರೆ ಟಿಕ್ ಟಿಕ್ ಅಷ್ಟೇ. ಅಪ್ಪನ ಸಿಟ್ಟು ನೆತ್ತಿಗೇರಿತ್ತು. ತಳ್ಳಲು ಬಂದ ಬಸಯ್ಯನಿಗೆ "ನೀ ಕೈ ಹಚ್ಚಬ್ಯಾಡ" ಎಂದ. ಬಸಯ್ಯ ಕೇಳಿಸಲೇ ಇಲ್ಲವೆಂಬಂತೆ ಹಿಂದಿನಿಂದ ತಳ್ಳಿ, ಇಂಜಿನ್ ಹತ್ತಿದ ಮೇಲೆ ಕೈ ಒರೆಸಿಕೊಂಡು ಹೋದ. ಒಳ್ಳೆಯವನ ಹಾಗೆ ನಟಿಸುವುದನ್ನು ಇವನಿಂದ ಕಲಿಯಬೇಕು.

ಸೆಪ್ಟೆಂಬರ್ 13, ಶನಿವಾರ

ಸುಜಯ ಫ್ಯೂಜ್ ಪೆಟ್ಟಿಗೆ ತೆರೆದು ನಾಲಿಗೆ ಕಚ್ಚಿಕೊಂಡ. "ನಂದ ಚೂಕ ಆತ್ರಿ." ಕೆಂಪು ಹಳದಿ ಎರಡನ್ನೂ ಸದಾ ಕರೆಂಟಿರುವ ಫ್ಯೂಜಿಗೇ ಹಚ್ಚಿದ್ದ. ಕಾರು ನಿಂತದ್ದು ಕ್ಯಾಮೆರಾಕ್ಕೆ ಗೊತ್ತೇ ಆಗಿಲ್ಲ, ಓಡುತ್ತಲೇ ಇದ್ದೇವೆಂದು ತಿಳಿದು ಬ್ಯಾಟರಿ ಹೀರಿದೆ. ಕೆಂಪನ್ನು ಬೇರೆ ಕಡೆ ಹಾಕಿ, ಗುಂಡಿಯನ್ನು 12.0ಕ್ಕೆ ಇಟ್ಟು ಕೊಟ್ಟ. ಇನ್ನು ಯಾರು ಬರುತ್ತಾರೋ ಬರಲಿ.

ಸೆಪ್ಟೆಂಬರ್ 16, ಮಂಗಳವಾರ

ಬೆಳಿಗ್ಗೆ 12.2. ಮುಖ ತೊಳೆಯುವ ಮೊದಲು ಹೋಗಿ ನೋಡಿದೆ. ಹಾಲು ತರುವಾಗ ಮತ್ತೆ ನೋಡಿದೆ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಫೋನಿಗೆ ಇಳಿಸಿಕೊಂಡ ಕ್ಲಿಪ್ಪುಗಳನ್ನು ಲ್ಯಾಬಿನಲ್ಲಿ ಊಟದ ಹೊತ್ತಿಗೆ ನೋಡಿದೆ. ರಾಶಿಗಟ್ಟಲೆ ಇವೆ, ಎಲ್ಲದರಲ್ಲೂ ಕರಿ ಗೊಂಡೆಯೊಂದು ತೂಗುತ್ತಿದೆ. ಅಪ್ಪನ ಪಿಕಪ್ಪಿನಲ್ಲಿದ್ದ ಗೊಂಡೆ ಅದು. ಪಿಕಪ್ಪು ಮಾರಿದರೂ ಅದನ್ನು ಬಿಚ್ಚಿ ತಂದು ಇದರ ಕನ್ನಡಿಗೆ ಕಟ್ಟಿದ್ದಾನೆ. ಓಣಿಯಲ್ಲಿ ಟ್ರ್ಯಾಕ್ಟರ್ ಹೋದರೆ ಸಾಕು, ಗೊಂಡೆ ಅಲ್ಲಾಡುತ್ತದೆ, ಕ್ಯಾಮೆರಾ ಯಾರೋ ಬಂದರೆಂದು ಎಚ್ಚರಾಗುತ್ತದೆ. ಬಿಚ್ಚೋಣ ಎಂದರೆ ಅಪ್ಪ ನನ್ನನ್ನೇ ಕಿತ್ತು ಹೊರಗೆ ಹಾಕುವಂತೆ ನೋಡಿದ. ಕೊನೆಗೆ ಮೇಲಕ್ಕೆತ್ತಿ ದಾರ ಸುತ್ತಿದೆ.

ಗೊಂಡೆಯ ಸಂದಿಯಲ್ಲಿ ಬಸಯ್ಯನೂ ಇದ್ದಾನೆ. ಅವನು ಹಿಂದಿನಿಂದ ಆಟೋ ಹೊರಗೆ ತೆಗೆಯುವಾಗ ಫಕೀರವ್ವ ನಮ್ಮ ಕಾರಿನ ಮುಂದೆ ಬಂದು ನಿಂತು ಕೈ ಆಡಿಸುತ್ತಾಳೆ. ಇಷ್ಟೆಲ್ಲ ಜಾಗ ಬಿಟ್ಟು ಸುತ್ತು ಹಾಕಿ ಹೋಗುತ್ತಾನೆ. ಕ್ಯಾಮೆರಾ ಇದೆಯೆಂದು ಗೊತ್ತಾದ ಮೇಲೆ ಯಾರಾದರೂ ಹಾಗೆಯೇ ಮಾಡುತ್ತಾರೆ.

ಕ್ಯಾಮೆರಾದಲ್ಲಿ ಎರಡು ಫೋಲ್ಡರ್, ಒಂದು ನಿಂತಾಗಿನದು, ಒಂದು ಓಡುವಾಗಿನದು. ಓಡುವಾಗಿನದು ನನಗೆ ಬೇಕಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ "ಚಟ್ನಿ ಹಾಕಲಿಲ್ಲೇನ?" ಎಂದು ರೇಗಿದ. ತಾಟಿನ ಎಡಕ್ಕೆ ಚಟ್ನಿ ಇತ್ತು. ಮತ್ತೊಮ್ಮೆ ಬಲಕ್ಕೆ ಹಾಕಿದೆ. ಈಚೆಗೆ ಎಲ್ಲದಕ್ಕೂ ಸಿಟ್ಟು ಅವನಿಗೆ.

ಸೆಪ್ಟೆಂಬರ್ 18, ಗುರುವಾರ

ಸಾಕ್ಷಿಯ ಜಡೆ ಹೆಣೆಯುತ್ತಿದ್ದೆ. ತಾನಾಗಿಯೇ ಹೇಳಿದಳು, "ಮಮ್ಮಿ, ಅಜ್ಜಾ ಡ್ರೈವರ್, ನಾ ಕ್ಲೀನರ್. ಎಡಗಡಿ ನಾ ನೋಡಬೇಕು. ಜಾಗಾ ಐತಿ ಬಿಡ್ರಿ ಅಂತ ನಾ ಅಂದ ಮ್ಯಾಲ ಅಜ್ಜಾ ಬಿಡ್ತಾನ."

ಅಪ್ಪನ ಪಿಕಪ್ಪಿನಲ್ಲಿ ಯಾವಾಗಲೂ ಒಬ್ಬ ಕ್ಲೀನರ್ ಇರುತ್ತಿದ್ದ, ಎಡಗಡೆ ಕೂತು ಬಾಗಿಲು ಬಡಿದು ದಾರಿ ಹೇಳಲು. ಮೊಮ್ಮಗಳಿಗೂ ಅದೇ ಆಟ ಕಲಿಸಿದ್ದಾನೆ. ನಕ್ಕೆ.

ಇವತ್ತು ಲ್ಯಾಬಿನಲ್ಲಿ ವಿಪರೀತ ಗದ್ದಲ. ಒಬ್ಬ ಹೆಣ್ಣುಮಗಳಿಗೆ ಸಕ್ಕರೆ ಬಹಳ ಇತ್ತು, ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಓದದೆಯೇ ಹೊರಟಿದ್ದಳು. ಕೂರಿಸಿ ಗದರಿಸಿದೆ. ಓದದಿದ್ದರೆ ಸಕ್ಕರೆ ಕಡಿಮೆಯಾಗುತ್ತದೆಯೇ?

ಮನೆಗೆ ಬಂದು ಡಬ್ಬಿಯ ಗುಂಡಿಯನ್ನು 12.2ಕ್ಕೆ ಏರಿಸಿದೆ. ಕ್ಯಾಮೆರಾ ಬೇಗ ಮಲಗುತ್ತದೆ, ಆದರೆ ಬ್ಯಾಟರಿ ಉಳಿಯಬೇಕಲ್ಲ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

12.4. ಅಪ್ಪ ಕಾರು ತೊಳೆದು ಪೂಜೆ ಮಾಡಿದ. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ, ಸ್ಟೀಯರಿಂಗಿಗೆ ವಿಭೂತಿ, ಚಕ್ರಕ್ಕೆ ನಿಂಬೆಹಣ್ಣು. ಕೊನೆಗೆ ಒಳಗೆ ಬಗ್ಗಿ, "ಇದೂ ಈಗ ಮನಿ ಮಂದಿನ" ಎಂದು ಕ್ಯಾಮೆರಾಕ್ಕೂ ಎಳೆದ, ಸರಿಯಾಗಿ ಗಾಜಿನ ಕಣ್ಣಿನ ಮೇಲೆ.

ಕಂಡೆ. ಒರೆಸಬಹುದಿತ್ತು. ಪೂಜೆಯ ವಿಭೂತಿ ಒರೆಸುವುದು ಸರಿಯಲ್ಲ ಎಂದು ಬಿಟ್ಟೆ.

ಸೆಪ್ಟೆಂಬರ್ 24, ಬುಧವಾರ

ಎಡಗಡೆಯ ಕನ್ನಡಿ ಇಲ್ಲ. ಕಿತ್ತು ವೈರಿನಿಂದ ಜೋತುಬಿದ್ದಿದೆ.

ಅಪ್ಪ ಚಹಾ ಬೇಡವೆಂದು ಒಳಗೆ ಹೋಗಿ ಮಲಗಿದ್ದಾನೆ. ಇವತ್ತು ಬಸಯ್ಯನ ಹೆಸರು ಎತ್ತಲಿಲ್ಲ.

ಸಾಕ್ಷಿಯ ಎರಡೂ ಅಂಗೈ ತರಚಿದೆ. ಸ್ಕೇಟಿಂಗಿನಲ್ಲಿ ಬಿದ್ದೆ ಎಂದಳು. ಸ್ಕೇಟಿಂಗಿನಲ್ಲಿ ಅವಳ ಕೈಗೆ ಗಾರ್ಡ್ ಇರುತ್ತದೆ. ಗಾರ್ಡ್ ಹಾಕಿದ ಅಂಗೈ ತರಚುವುದಿಲ್ಲ. ತೊಳೆದು ಔಷಧಿ ಹಚ್ಚಿದೆ. ಉರಿಯಿತೇನೋ, ಅಳಲಿಲ್ಲ. ನಾನು ಏನೂ ಕೇಳಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಬೆಳಿಗ್ಗೆ ಕಾರಿನಲ್ಲಿ ಕೂತು ಓಡುವಾಗಿನ ಫೋಲ್ಡರಿನಿಂದ ನಿನ್ನೆಯದನ್ನು ಫೋನಿಗೆ ಇಳಿಸಿಕೊಂಡೆ. ಖಾನಾಪುರದ ಬಸ್ಸಿನಲ್ಲಿ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ನೋಡಿದೆ.

ಕಾಣುವುದು ಏನೂ ಇಲ್ಲ. ವಿಭೂತಿಯ ಬಿಳುಪು, ಅದರ ಆಚೆ ಒಂದಿಷ್ಟು ಬೆಳಕು. ಆದರೆ ಕೇಳುತ್ತದೆ. ಕಾರಿನ ಕಿಟಕಿ ಇಳಿದಿತ್ತೇನೋ, ಹೊರಗಿನಿಂದ ಸಾಕ್ಷಿಯ ದನಿ. ಕ್ಲೀನರ್ ಕೆಳಗಿಳಿದು ಎಡಗಡೆ ನಿಂತು ದಾರಿ ಹೇಳುತ್ತಿದ್ದಾಳೆ.

"ಬರ್ರಿ, ಬರ್ರಿ... ಸಾಕ ಅಜ್ಜಾ. ಜಾಗಾ ಇಲ್ಲ. ಅಜ್ಜಾ, ನಾ ಇಲ್ಲಿ ಅದೇನಿ! ಜಾಗಾ ಇಲ್ಲ!"

ಆಮೇಲೆ ಸದ್ದು. ಕನ್ನಡಿ ಗೋಡೆಗೆ ತಾಗಿ ಮುರಿದದ್ದು. ಗೋಡೆಗೂ ಕಾರಿಗೂ ನಡುವೆ ನನ್ನ ಮಗಳಿದ್ದಳು. ಹಾರಿ ಮುಗ್ಗರಿಸಿ ಬಿದ್ದಿದ್ದಾಳೆ.

"ಸಾಕ್ಷೀ! ಎಲ್ಲಿ ಅದಿಯವಾ? ಸಾಕ್ಷೀ!" ಅಪ್ಪನ ಆ ದನಿಯನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವ್ವ ತೀರಿದ ದಿನವೂ ಕೇಳಿರಲಿಲ್ಲ.

ಬಾಗಿಲು ತೆರೆದ ಸದ್ದು. ಸಾಕ್ಷಿ ಉಸಿರು ಎಳೆದುಕೊಂಡು, "ಏನೂ ಆಗಿಲ್ಲಜ್ಜಾ. ಮಮ್ಮಿಗೆ ನಾ ಹೇಳೂದಿಲ್ಲ ತಗೋ."

ಆಮೇಲೆ ಕ್ಲಿಪ್ಪು ಮುಗಿಯುವ ತನಕ ಇಂಜಿನ್ ಓಡುವ ಸದ್ದು ಮಾತ್ರ.

ಖಾನಾಪುರ ಬಂದದ್ದು ತಿಳಿಯಲಿಲ್ಲ, ಕಂಡಕ್ಟರ್ ಕೂಗಿದ. ಮೂರು ಗೀರೂ ಎಡಗಡೆಯೇ. ಚಟ್ನಿಯೂ ಎಡಗಡೆ. ಇಷ್ಟು ದಿನ ನಾನು ಕಣ್ಣು ತೆರೆದೇ ಕುರುಡಿಯಾಗಿದ್ದೆ, ಅದೂ ಬೇಕೆಂದೇ. ಅಪ್ಪ ಓಡಿಸದಿದ್ದರೆ ನನ್ನ ಸಂಜೆಗಳ ಗತಿ ಏನು ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ.

ಕೀಲಿ ಕೊಡು ಎನ್ನಬೇಕು. ಎರಡೇ ಶಬ್ದ.

ಸೆಪ್ಟೆಂಬರ್ 26, ಶುಕ್ರವಾರ

ಹೇಳಲಾಗಲಿಲ್ಲ. ನಿನ್ನೆ ರಾತ್ರಿ ಬಾಯಿ ತೆರೆದೆ, "ಅಪ್ಪಾ" ಎಂದೆ, ಅವನು ನನ್ನತ್ತ ತಿರುಗಿದ. ಎಡಗಡೆ ಕೂತಿದ್ದೆನಲ್ಲ, ಇಡೀ ಮುಖ ತಿರುಗಿಸಬೇಕಾಯಿತು ಅವನಿಗೆ. "ಮೊಸರ ಬೇಕೇನ?" ಎಂದು ಕೇಳಿ ಎದ್ದುಬಿಟ್ಟೆ.

ಸಂಜೆ ಬಂದು ಬೇರೆಯೇ ಒಂದು ಕೆಲಸ ಮಾಡಿದೆ. ಡಬ್ಬಿಯ ಗುಂಡಿಯನ್ನು ಎಲ್ಲಕ್ಕಿಂತ ಕೆಳಗೆ, 11.6ಕ್ಕೆ ಇಳಿಸಿದೆ. ಸಾಲದು ಎನಿಸಿ ಕಾರಿನ ಒಳಗಿನ ದೀಪವನ್ನೂ ಹಾಕಿಬಿಟ್ಟೆ. ಗೊಂಡೆಗೆ ಸುತ್ತಿದ ದಾರವನ್ನೂ ಬಿಚ್ಚಿದೆ, ತೂಗಲಿ, ಎಚ್ಚರಾಗಲಿ, ತಿನ್ನಲಿ.

ಇಷ್ಟು ದಿನ ಒಂದೊಂದು ಅಂಕಿ ಕಾದಿಟ್ಟ ಬ್ಯಾಟರಿ.

ಸೆಪ್ಟೆಂಬರ್ 28, ಭಾನುವಾರ

ನಿನ್ನೆ ಸಂಜೆ ಅಪ್ಪ ಕೀಲಿ ತಿರುವಿದ. ಟಿಕ್ ಅನ್ನಲೂ ಇಲ್ಲ. "ಈ ಕ್ಯಾಮೆರಾದ ಸಲುವಾಗಿ ಹಿಂಗಾತು ನೋಡಪಾ," ಎಂದೆ. ಸುಳ್ಳಲ್ಲ. ಸಾಕ್ಷಿಯನ್ನು ಓಣಿಯ ರೂಪಾಲಿ, ಅದೇ ಕ್ಲಾಸಿಗೆ ಹೋಗುವ ತನ್ನ ಮಗಳ ಜೊತೆ, ಸ್ಕೂಟರಿನಲ್ಲಿ ಕರೆದೊಯ್ದಳು.

ಇವತ್ತು ಅಪ್ಪ ಸ್ನಾನ ಮುಗಿಸಿ, "ಬಸಯ್ಯನ ಕಡಿ ಜಂಪ್ ಕೇಬಲ್ ಅದಾವು, ಹೋಗಿ ಇಸ್ಕೊಂಡ ಬಾ," ಎಂದ. ಯಾರ ಮೇಲೆ ಪಾರಾ ಇಡಲು ಕ್ಯಾಮೆರಾ ಹಾಕಿಸಿದೆವೋ ಅವನ ಕೇಬಲ್ಲು! ಅದು ಬಂದರೆ ಕಾರು ಏಳುತ್ತದೆ.

ಬಸಯ್ಯ ಅಂಗಳದಲ್ಲಿ ಆಟೋ ತೊಳೆಯುತ್ತಿದ್ದ. ಫಕೀರವ್ವ "ಬರ್ರಿ, ಕುಂದರ್ರಿ" ಎಂದಳು. ಕೂರಲಿಲ್ಲ. ನಿಂತೇ ಹೇಳಿದೆ, "ಅಣ್ಣಾ, ಕೇಬಲ್ ಕೊಡಬ್ಯಾಡ್ರಿ."

ಬಸಯ್ಯ ನಳ ಬಂದ್ ಮಾಡಿದ.

"ಅಪ್ಪಗ ಎಡಗಡಿ ಕಾಣವಲ್ದು," ಎಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅದೂ ಅಪ್ಪನಿಗಲ್ಲ.

"ಗೊತ್ತೈತಿ ತಂಗಿ. ಮೊದಲನೇ ಗೀರ ನಮ್ಮ ಕಟ್ಟಿಗೆ ಹತ್ತಿ ಆಗಿದ್ದು. ನಾನ ನೋಡೇನಿ."

"ಮತ್ತ ಆವತ್ತ ಯಾಕ ಹೇಳಲಿಲ್ಲರಿ? ಓಣ್ಯಾಗ ನಿಂತು ಅಷ್ಟ ಬೈದ್ವಿ."

ಅವನು ಒದ್ದೆ ಬಟ್ಟೆ ಹಿಂಡಿದ. "ಹೆಂಗ ಹೇಳಲಿ? ನನಗ ಸ್ಟೀಯರಿಂಗ್ ಹಿಡಿಯಾಕ ಕಲಿಸಿದವರ ಅವರು. ಬಂದ ಮಂದಿ ಮುಂದ ಕಾಕಾಗ ಕಣ್ಣ ಕಾಣವಲ್ದು ಅನ್ನಲೇನು? ನಾಕ ಮಾತ ಬೈಸ್ಕೊಂಡ್ರ ನಂದೇನ ಹೋಗತೈತಿ."

ಫಕೀರವ್ವ ಸೇರಿಸಿದಳು, "ಅವರ ಗಾಡಿ ಬರೂ ಟೈಮಿಗೆ ಕಟ್ಟಿ ಮ್ಯಾಗಿನ ಹುಡುಗೂರನ್ನ ನಾ ಒಳಗ ಕರಕೋತೇನ್ರಿ."

ನನಗೆ ಅಳು ಬಂತು. ಅವರ ಕ್ಷಮೆ ಕೇಳಿದೆ, ಸರಿಯಾಗಿ ಕೇಳಿದೆನೋ ಇಲ್ಲವೋ. ಕೇಬಲ್ ಯಾರೋ ಒಯ್ದಿದ್ದಾರೆಂದು ಹೇಳುವುದಾಗಿ ಬಸಯ್ಯ ಒಪ್ಪಿದ. ಒಂದು ಓಣಿಯೇ ಸೇರಿ ಒಬ್ಬ ಮನುಷ್ಯನಿಗೆ ಸುಳ್ಳು ಹೇಳುತ್ತಿದ್ದೇವೆ.

ಅಕ್ಟೋಬರ್ 1, ಬುಧವಾರ, ಖಂಡೇನವಮಿ

ಕಾರು ಹಾಗೆಯೇ ನಿಂತಿದೆ. ಅಪ್ಪ ಪೂಜೆ ಬಿಡಲಿಲ್ಲ. ಸತ್ತ ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಡ್ರೈವರ್ ಸೀಟಿನಲ್ಲಿ ಕೂತ. ಕೀಲಿ ತಿರುವಲಿಲ್ಲ. ಕೈ ಮೇಲೆತ್ತಿ ಒಳಗಿನ ದೀಪದ ಗುಂಡಿಯನ್ನು ಬೆರಳಿನಿಂದ ಸವರಿದ. ಅದು ಆನ್ ಇತ್ತು. ನಾನು ಬಂದ್ ಮಾಡುವುದನ್ನು ಮರೆತಿದ್ದೆ.

ಆಫ್ ಮಾಡಿದ. ಇಳಿದ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ಅಕ್ಟೋಬರ್ 2, ಗುರುವಾರ, ದಸರಾ

ಬನ್ನಿ ಕೊಡಲು ಸಣ್ಣವರು ದೊಡ್ಡವರ ಹತ್ತಿರ ಹೋಗಬೇಕು. ನಾನು ಇಳಕಲ್ ಸೀರೆ ಉಟ್ಟು ಎಲೆ ಹಿಡಿದು ಬರುವಷ್ಟರಲ್ಲಿ ಅಪ್ಪ ಮನೆಯಲ್ಲಿರಲಿಲ್ಲ. ಸಾಕ್ಷಿ ಕಿಟಕಿಯಿಂದ ಕೂಗಿದಳು, "ಮಮ್ಮಿ, ಅಜ್ಜಾ ಬಸಯ್ಯ ಕಾಕಾನ ಮನ್ಯಾಗ ಅದಾನ!"

ಬಸಯ್ಯನ ಕಟ್ಟೆಯ ಮುಂದೆ ಅಪ್ಪ ಹೊಸ ಟೊಪ್ಪಿಗೆ ಹಾಕಿ ನಿಂತಿದ್ದ. ಬಸಯ್ಯ "ಕಾಕಾ, ನಾ ಬರ್ತಿದ್ನೆಲ್ರಿ" ಎಂದು ಓಡಿ ಬಂದ. ಅಪ್ಪ ಅವನ ಅಂಗೈಯಲ್ಲಿ ಬನ್ನಿ ಇಟ್ಟು, ಎರಡೂ ಕೈಯಿಂದ ಆ ಅಂಗೈ ಮುಚ್ಚಿದ. "ಬಂಗಾರ ತಗೊಂಡು ಬಂಗಾರದ್ಹಂಗ ಇರೂಣು," ಎಂದ. ಮುಷ್ಟಿ ಬಿಡಲು ಬಹಳ ಹೊತ್ತು ತೆಗೆದುಕೊಂಡ. ಬಸಯ್ಯ ಕಾಲಿಗೆ ಬಿದ್ದ.

ಆಮೇಲೆ ನಮ್ಮ ಮನೆಗೆ ಬಂದು ನನ್ನೆದುರು ನಿಂತ. ನಾನು ಬಗ್ಗಲು ಹೋದರೆ ತಡೆದು ಕೈ ಚಾಚು ಎಂದ. ಚಾಚಿದೆ. ಬನ್ನಿ ಎಲೆ ಇಟ್ಟ. ಎಲೆಯ ಕೆಳಗೆ ತಣ್ಣಗೆ ಏನೋ ಭಾರ.

ಕಾರಿನ ಕೀಲಿ.

"ಬ್ಯಾಟರಿ ಸುಮ್ಮನ ಯಾಕ ಕೊಲ್ಲತಿ," ಎಂದ ಅಪ್ಪ. "ದಿನಾ ಚಾಲೂ ಮಾಡಬೇಕದನ್ನ. ನಿಂತ ಗಾಡಿ ಲಗೂ ಕೆಡತೈತಿ."

ಏನಾದರೂ ಹೇಳಬೇಕಿತ್ತು. "ಬಂಗಾರ" ಎಂದಷ್ಟೇ ಬಂತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಸಾಕ್ಷಿಯನ್ನು ಕರೆದು, ವಾಸಿಯಾಗುತ್ತಿದ್ದ ಅವಳ ಎರಡೂ ಅಂಗೈಯನ್ನು ತಿರುಗಿಸಿ ನೋಡಿದ. ಊದಿದ. ಆಮೇಲೆ ಬನ್ನಿ ಇಟ್ಟ.

ಅಕ್ಟೋಬರ್ 6, ಸೋಮವಾರ

ರಜೆ ಹಾಕಿ ಅಪ್ಪನನ್ನು ನೆಹರು ನಗರದ ದೊಡ್ಡ ದವಾಖಾನೆಗೆ ಕರೆದೊಯ್ದೆ. ಬಸಯ್ಯನ ಕೇಬಲ್ಲಿನಿಂದಲೇ ಕಾರು ಎದ್ದಿತು. ಕನ್ನಡಿ ಹೊಸದು.

ಕಣ್ಣಿನ ನರ ಸವೆದಿದೆಯಂತೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದರು ಡಾಕ್ಟರ್. ಅಪ್ಪ ರಿಪೋರ್ಟನ್ನು ಮಡಚದೆ ಕೈಯಲ್ಲೇ ಹಿಡಿದುಕೊಂಡು ಬಂದ. ನನ್ನ ಕೆಲಸದ ವೇಳೆ ಬದಲಿಸಿಕೊಳ್ಳಲು ಲ್ಯಾಬಿನವರು ಒಪ್ಪಿದ್ದಾರೆ. ಸಾಕ್ಷಿಗೆ ಸ್ಕೇಟಿಂಗಿನಲ್ಲಿ ಇನ್ನು ತಡವಾದ ಬ್ಯಾಚ್, ನಾನೇ ಬಿಡುತ್ತೇನೆ.

ದವಾಖಾನೆಯ ಗೇಟಿನ ಹೊರಗೆ ಎರಡು ರಿಕ್ಷಾಗಳ ನಡುವೆ ಕಾರು ಸಿಕ್ಕಿಬಿದ್ದಿತ್ತು. ಹಿಂದಿನಿಂದ ಹಾರ್ನು. ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಅಪ್ಪ ಕಿಟಕಿ ಇಳಿಸಿದ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟು, ತಲೆಯನ್ನು ಪೂರ್ತಿ ಹೊರಗೆ ಚಾಚಿ ಎಡಕ್ಕೆ ತಿರುಗಿಸಿದ. ಅಂಗೈಯಿಂದ ಬಾಗಿಲನ್ನು ಹೊರಗಿನಿಂದ ಎರಡು ಸಲ ಬಡಿದ.

"ಜಾಗಾ ಐತಿ. ಬಿಡ್ರಿ."

ನಾನು ಹೊಸ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡೆ.

ಜಾಗ ಇತ್ತು. ಬಿಟ್ಟೆ.